ಯೂಗೆಟ್ ಕೆಡಿಸಿದ ಅಡುಗೆ

"ಇನ್ನೊಂದು ಹಿಡಿ ಹಾಕು," ಅಂದ ಫೆರ್ನಾಂ, ಆ ಪುಟ್ಟ ಹೋಟೆಲಿನ ದಿನದ ಗಿರಾಕಿ.

ಯೂಗೆಟ್ ಕಣ್ಣು ಮುಚ್ಚಿಕೊಂಡು ಬೆಳ್ಳುಳ್ಳಿ ಸೂಪಿಗೆ ಇನ್ನೊಂದು ಹಿಡಿ ಉಪ್ಪು ಸುರಿದಳು. ಅರ್ಧ ಆಯುಷ್ಯ ಇದೇ ಒಲೆಯ ಮುಂದೆ ಕಳೆದವಳು ಮಾಡುವ ಕೆಲಸವಲ್ಲ ಅದು. ಆದರೆ ಬೇರೆ ದಾರಿಯಿರಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಆ ಮನುಷ್ಯ ಕುಳಿತಿದ್ದ.

ಒಬ್ಬನೇ ಬಂದಿದ್ದ. ಶುಕ್ರವಾರದ ಮಧ್ಯಾಹ್ನ, ಇಸ್ತ್ರಿ ಮಾಡಿದ ಕೋಟು, ಹೊಳೆಯುವ ಬೂಟು. ಸ್ಯಾಂ-ಸಿರಾಕ್‌ನಂಥ ಹಳ್ಳಿಗೆ ಕೋಟು ತೊಟ್ಟು ಬರುವವರು ಎರಡೇ ಜಾತಿ: ಹೆಣ ಹೂಳಿಸುವವರು ಮತ್ತು ಹೋಟೆಲುಗಳ ರುಚಿ ನೋಡಿ ನಕ್ಷತ್ರ ಕೊಡುವ ಊಟದ ಕೈಪಿಡಿಯ ಪರೀಕ್ಷಕರು. ಊರಲ್ಲಿ ಯಾರೂ ಸತ್ತಿರಲಿಲ್ಲ.

ಪಕ್ಕದ ಬೆಲ್ರೀವ್‌ನ ಗತಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿನ ಪುಟ್ಟ ಹೋಟೆಲಿಗೆ ಕೈಪಿಡಿಯವರು ಒಂದು ನಕ್ಷತ್ರ ಕೊಟ್ಟರು. ಅಷ್ಟೇ, ಪ್ಯಾರಿಸ್ಸಿನ ಕಾರುಗಳು ಸಾಲುಗಟ್ಟಿದವು. ತಟ್ಟೆ ದೊಡ್ಡದಾಯಿತು, ಅದರೊಳಗಿನ ಊಟ ಚಿಕ್ಕದಾಯಿತು, ಊರಿನವರಿಗೆ ಕೂರಲು ಕುರ್ಚಿಯೇ ಇಲ್ಲದಾಯಿತು. ಬೆಲ್ರೀವ್‌ನ ಮುದುಕರು ಈಗ ಮನೆಯಲ್ಲಿ ಡಬ್ಬಿಯ ಮೀನು ತಿನ್ನುತ್ತಾರೆ. ಯೂಗೆಟ್‌ಳ ನಾಲ್ಕಾರು ಮೇಜುಗಳಿಗೆ ಆ ಗತಿ ಬರಬಾರದೆಂದು ಊರು ಎಂದೋ ತೀರ್ಮಾನಿಸಿತ್ತು. ಪರೀಕ್ಷಕ ಬಂದರೆ ಬಾಯಿ ಕೆಡಿಸಿ ಕಳಿಸುವುದು.

"ವೈನು?" ಕೇಳಿದಳು.

"ಹುಳಿ ಬಂದಿರೋ ಪೀಪಾಯಿದು ಕೊಡು. ಮನಸ್ಸು ತಡೀದೆ ಒಳ್ಳೇದು ತೆಗೆದೀಯ, ಹುಷಾರು!"

"ಒಳ್ಳೇದು ಭಾನುವಾರಕ್ಕೆ ಕಣೋ. ಸೊಲಾಂಜ್ ಬೋರ್ಡೋದಿಂದ ಬರ್ತಾಳೆ, ಹುಡುಗನ್ನೂ ಕರ್ಕೊಂಡು."

ಮದುವೆ ಬೇಡವೆನ್ನುತ್ತಿದ್ದ ಮಗಳು ಕೊನೆಗೂ ಒಬ್ಬನಿಗೆ ಮನಸ್ಸು ಕೊಟ್ಟಿದ್ದಳು. ಆ ಸಂತೋಷಕ್ಕೆ ಯೂಗೆಟ್‌ಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೊಬ್ಬಿದ ಬಾತುಕೋಳಿಯೊಂದನ್ನು ಆಗಲೇ ಎತ್ತಿಟ್ಟಿದ್ದಳು.

ಉಳಿದ ಮೇಜಿನವರು, ಅನುಮಾನ ಬರದಿರಲೆಂದು, ಅದೇ ಸೂಪು ಕುಡಿದರು. ಯುದ್ಧದಲ್ಲಿ ಪ್ರಾಣ ಕೊಟ್ಟವರ ಹೆಸರು ಚೌಕದ ಕಲ್ಲಿನ ಮೇಲಿದೆ. ಇವರ ಹೆಸರನ್ನೂ ಅದರ ಕೆಳಗೆ ಕೆತ್ತಿಸಬಹುದಿತ್ತು.

ಆ ಮನುಷ್ಯ ಒಂದು ಚಮಚ ಬಾಯಿಗಿಟ್ಟ. ಅವನ ಕಿವಿ ಕೆಂಪಾಯಿತು.

"ತುಂಬಾ ಚೆನ್ನಾಗಿದೆ, ಮದಾಮ್," ಅಂದ.

ಯೂಗೆಟ್ ಬೆಚ್ಚಿದಳು. ಅವನೋ, ತಳದಲ್ಲುಳಿದ ಸೂಪಿಗೆ ಆ ಹುಳಿ ವೈನನ್ನು ಸುರಿದು, ಬಟ್ಟಲನ್ನು ಎರಡೂ ಕೈಯಲ್ಲೆತ್ತಿ ಗಟಗಟ ಕುಡಿದು ಮುಗಿಸಿದ. ಈ ಸೀಮೆಯ ಅಜ್ಜಂದಿರು ಅಡುಗೆ ಮೆಚ್ಚಿದಾಗ ಮಾಡುವುದೇ ಹಾಗೆ.

"ನೋಡ್ದಾ ಕಳ್ಳನ್ನ," ಫೆರ್ನಾಂ ಪಿಸುಗುಟ್ಟಿದ. "ಪ್ಯಾರಿಸ್ಸಲ್ಲಿ ಇದನ್ನೂ ಕಲಿಸಿ ಕಳಿಸ್ತಾರೆ!"

ಆಮೇಲೆ ಮುದಿ ಹುಂಜ ಬಂತು. ಅದನ್ನು ಅರ್ಧ ಬೇಯಿಸಿ, ಇನ್ನರ್ಧ ಸುಟ್ಟಿದ್ದರು. ಆತ ಅಗಿದ. ಅಗಿಯುತ್ತಲೇ ಇದ್ದ. ಅಗಿಯುತ್ತಾ ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿದ.

"ಧೂಳು ಹುಡುಕ್ತಿದಾನೆ," ಅಂದ ಫೆರ್ನಾಂ.

ಆತ ಯೂಗೆಟ್‌ಳನ್ನು ಕರೆದ. "ಎಲ್ಲಾ ನೀವೊಬ್ಬರೇ ಮಾಡೋದಾ, ಮದಾಮ್?"

"ನಾನೊಬ್ಬಳೇ."

"ಈ ಅಡುಗೆ ಬೇರೆ ಯಾರಿಗಾದ್ರೂ ಕಲಿಸಿದೀರಾ?"

"ಮಗಳಿಗೆ. ಅವಳದು ನನಗಿಂತ ಒಂದು ಕೈ ಮೇಲು."

ಆತ ಲೋಟದ ನೀರನ್ನು ಒಂದೇ ಉಸಿರಿಗೆ ಕುಡಿದ. "ತಿನ್ನೋರು ಪುಣ್ಯ ಮಾಡಿರ್ಬೇಕು," ಅಂದ. ತಟ್ಟೆಯಲ್ಲಿದ್ದುದನ್ನು ಬ್ರೆಡ್ಡಿನಿಂದ ಬಳಿದು ತಿಂದ.

ಅಡುಗೆಮನೆಯಲ್ಲಿ ಫೆರ್ನಾಂ ಕುಸಿದು ಕುಳಿತ. "ಕೆಟ್ವಿ ಕಣೇ. ಇಂಥ ಹೊಟ್ಟೆಯೋನು ಒಂದಲ್ಲ, ಎರಡು ನಕ್ಷತ್ರ ಕೊಡ್ತಾನೆ."

ಹೆಂಡತಿ ಸತ್ತ ಮೇಲೆ ಮಧ್ಯಾಹ್ನದ ಊಟಕ್ಕೆ ಅವನು ಬೇರೆಲ್ಲಿಗೂ ಹೋದವನಲ್ಲ. ಅವನ ಮುಖ ನೋಡಿ ಯೂಗೆಟ್‌ಳಿಗೆ ಅಳುವೇ ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ಆ ಮಹಾರಾಯ ಇನ್ನೂ ಸಿಹಿಗೆ ಕಾಯುತ್ತಿದ್ದ. ಅವಳು ಉಗ್ರಾಣಕ್ಕೆ ನುಗ್ಗಿ, ಹೋದ ವರ್ಷದ ಅಕ್ರೋಟುಗಳನ್ನು ಚಿಪ್ಪಿನ ಸಮೇತ ತಟ್ಟೆಗೆ ಸುರಿದು, ಒಡೆಯಲು ಇಕ್ಕಳವನ್ನೂ ಕೊಡದೆ ಅವನ ಮುಂದೆ ಕುಕ್ಕಿದಳು.

"ನಮ್ಮನೇಲಿ ನಿಮಗೆ ಇಷ್ಟೇ."

ಹುಂಜಕ್ಕೂ ಜಗ್ಗದವನ ಮುಖ ಒಮ್ಮೆಲೇ ಬಾಡಿತು. ಆತ ಅಕ್ರೋಟುಗಳನ್ನೇ ನೋಡುತ್ತಾ ಕುಳಿತ. ಆಮೇಲೆ ಮೆಲ್ಲಗೆ ಎದ್ದು ಟೋಪಿ ಹಾಕಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದ ಫೆರ್ನಾಂ ಮುಷ್ಟಿ ಬಿಗಿಹಿಡಿದ. ಗೆದ್ದೆವು! ಯೂಗೆಟ್‌ಳ ಮುಖ ಅರಳಿತು. ಬಾಗಿಲನ್ನು ತಾನೇ ತೆರೆದು ನಿಂತಳು.

ಹೊಸ್ತಿಲಲ್ಲಿ ಆತ ಟೋಪಿ ತೆಗೆದು ತಲೆ ಬಾಗಿಸಿದ. "ಅರ್ಥ ಆಯ್ತು, ಮದಾಮ್. ನಮ್ಮ ಲಾಂದ್ ಸೀಮೆ ಕಡೇನೂ ಹೀಗೇ, ಹೆಣ್ಣು ಕೇಳೋಕೆ ಬಂದೋರಿಗೆ ಕೊಡಲ್ಲ ಅಂತ ಬಾಯಿಬಿಟ್ಟು ಹೇಳಲ್ಲ, ಊಟದ ಕೊನೆಗೆ ಅಕ್ರೋಟು ಇಡ್ತಾರೆ. ಭಾನುವಾರದವರೆಗೆ ತಡೀಲಾರದೆ ಓಡಿ ಬಂದಿದ್ದು ನಂದೇ ತಪ್ಪು. ಸೊಲಾಂಜ್‌ಗೂ ನನ್ನ ಮಗನಿಗೂ ನಾನೇ ಹೇಳ್ತೀನಿ."