ಹುಲಿಗೆಮ್ಮನ ಕೆಂಪು ದೀಪ

ಊರಿನಲ್ಲಿ ಅತಿ ನಿಧಾನವಾಗಿ ನಡೆಯುವವರು ರಸ್ತೆ ದಾಟಲು ಎಷ್ಟು ಹೊತ್ತು ಹಿಡಿಯುತ್ತದೋ, ವರ್ಷವಿಡೀ ವಾಹನಗಳಿಗೆ ಅಷ್ಟು ಹೊತ್ತು ಕೆಂಪು ದೀಪ. ಯುಗಾದಿಯ ಮರುದಿನ ಅಳತೆ.

ಹುಲಿಗೆಮ್ಮನ ಎರಡೂ ಕಾಲುಗಳಲ್ಲಿ ಅರ್ಧ ಬಲವಷ್ಟೇ ಇತ್ತು. ಹೋದ ವರ್ಷ ಅಳತೆಯವರು ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ತಳ್ಳಿಕೊಂಡು ಓಡಿ, ಹನ್ನೆರಡು ಸೆಕೆಂಡು ಎಂದು ಬರೆದುಕೊಂಡರು. ಕುರ್ಚಿಯನ್ನು ವಾಪಸು ಒಯ್ದರು. ಅಷ್ಟರಲ್ಲಿ ದಾಟಲಾಗದೆ ವರ್ಷಪೂರ್ತಿ ಆಕೆಗೆ ರಸ್ತೆಯಾಚೆಯ ಹೊಲಿಗೆ ಅಂಗಡಿಯ ಕೆಲಸ ತಪ್ಪಿತು.

ಈ ಸಲವೂ ಅಳತೆಯ ಸಾಹೇಬ ಕುರ್ಚಿ ತಂದಿದ್ದ. ಗೇಣೆತ್ತರದಲ್ಲಿ ತೇಲುವ ಕಾರುಗಳು ಗುರುಗುಡುತ್ತಿದ್ದವು.

"ಕುಂದರ್ರಿ ಅಕ್ಕಾರ, ಮಂದಿ ಕಾಯಾಕತ್ತೈತಿ."

"ನೀವ ಕುಂದರ್ರಿ ಸಾಹೇಬ್ರ. ಭಾಳ ಹೊತ್ತು ಆಕ್ಕೈತಿ, ನಿಮ್ಮ ಕಾಲು ನೋಯ್ತಾವ."

ಹುಲಿಗೆಮ್ಮ ಊರುಗೋಲು ಮುಂದಿಟ್ಟಳು. ನಡುರಸ್ತೆಯಲ್ಲಿ ನಿಂತು ಉಸಿರೆಳೆದುಕೊಂಡಳು. ಹಾರ್ನುಗಳು ಕಿರುಚಿದವು.

"ಅವಸರ ಮಾಡಬ್ಯಾಡ ಯಕ್ಕಾ!" ಹೊಲಿಗೆ ಅಂಗಡಿಯ ಹೆಂಗಸರು ಕೂಗಿದರು. "ಅವರೂ ಒಂಚೂರು ಕಾಯಲಿ!"

ಆಕೆ ಆಚೆ ದಡ ಮುಟ್ಟಿದಾಗ ನಾಲ್ಕು ನಿಮಿಷ ಹತ್ತೊಂಬತ್ತು ಸೆಕೆಂಡು. ಸಾಹೇಬ ಅದನ್ನೇ ಬರೆದ, ಗಾಲಿಕುರ್ಚಿಯಲ್ಲಿ ಕೂತು.

ಮೊದಲ ಹೊಸ ಕೆಂಪು ದೀಪ ಹೊತ್ತಿತು. ಕೋಲು ಹಿಡಿದ ಮುದುಕರು, ತುಂಬು ಬಸುರಿಯರು ಹರಟುತ್ತಾ ರಸ್ತೆಗಿಳಿದರು.