ಎರಡು ಗಂಟೆಯ ಶ್ರುತಿ

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ, ಅರವತ್ತು ದಾಟಿದ ಅಮ್ಮ ಈಗಲೂ ಅದರ ಶ್ರುತಿಗೇ ಹಾಡತೊಡಗುತ್ತಾಳೆ. ಅದು ತೊಂಬತ್ತು ವರ್ಷ ವಯಸ್ಸಿನವರೆಗೂ ಹಾಡಿದ ಅಜ್ಜಿಯಿಂದ ಬಂದ ಅಭ್ಯಾಸ. ಆಗ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್‌ಮನೆಯಲ್ಲಿ ಶ್ರುತಿಪೆಟ್ಟಿಗೆ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಅಪ್ಪನ ಪಾಳಿಗೆ ಕೂಗುವ ಗಣಿಯ ಸೈರನ್ನೇ ಅಜ್ಜಿಗೆ ಶ್ರುತಿ.

ಗಣಿ ಮುಚ್ಚಿದ ಮರುದಿನ ಎರಡು ಗಂಟೆ ದಾಟಿದರೂ ಸೈರನ್ ಕೂಗಲಿಲ್ಲ. ಅಜ್ಜಿ ತಾಳ ಹಿಡಿದು ಕಾದೇ ಕಾದಳು.

"ಶ್ರುತಿ ಇಲ್ದೆ ಎಂಗಮ್ಮಾ ಆಡ್ಲಿ?"

"ಇರಿ ಅತ್ತೆ, ನಾ ಕೊಡ್ತೀನಿ," ಎಂದು ಅಮ್ಮ ಸೌಟು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಸೈರನ್ನಿನಂತೆಯೇ "ಊಊ..." ಎಂದು ಕೂಗಿದಳು.

ಅಜ್ಜಿ ಹಾಡು ಎತ್ತಿಕೊಂಡಳು. ಒಳಗೆ ಮಲಗಿದ್ದ ಅಪ್ಪ ದಡಬಡಿಸಿ ಎದ್ದು, ಗಣಿಯ ಹೆಲ್ಮೆಟ್ ಹಾಕಿಕೊಂಡು ಬಾಗಿಲಿಗೆ ಬಂದ. ನಮ್ಮನ್ನು ನೋಡಿ ನಿಂತ. ಜೋರಾಗಿ ನಕ್ಕ. ಆಮೇಲೆ ಅಜ್ಜಿಯ ಪಕ್ಕ ಕೂತು, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟು ಅದರ ಮೇಲೆ ತಾಳ ಬಾರಿಸತೊಡಗಿದ.