ಕನಸಿಗೆ ಹೋದ ಚಾರ್ಜು

"ಮುಟ್ಟದ ಇಟ್ರೂ ಚಾರ್ಜ್ ಇಳೀತೈತ್ರಿ ಅಣ್ಣಾರ. ಒಂದು ಬ್ಲೌಸ್ ಡಿಸೈನ್ ತೆರೀಬೇಕಂದ್ರ ಗಿರಗಿರ ತಿರಗಕೋತ ಕೂಡತೈತಿ," ಎಂದು ದರ್ಜಿ ಸುವರ್ಣಾ ಟ್ಯಾಬನ್ನು ರಿಪೇರಿಯ ದಸ್ತಗೀರನ ಮುಂದೆ ಕುಕ್ಕಿದಳು. "ಇದರ ಕನಸು ಬಂದ್ ಮಾಡಿಬಿಡ್ರಿ."

ದಸ್ತಗೀರನಿಗೆ ಇದು ದಿನದ ಕೆಲಸ. ಹಗಲು ತಮಗೆ ಬಗೆಹರಿಯದ್ದನ್ನೇ ಟ್ಯಾಬುಗಳು ಮಲಗಿದಾಗ ಕನಸು ಕಾಣುತ್ತವೆ. ಚಾರ್ಜೆಲ್ಲ ಅದಕ್ಕೇ ಹೋಗುತ್ತದೆ. ಬಂದ್ ಮಾಡುವ ಮೊದಲು ಕನಸನ್ನು ಒಮ್ಮೆ ಮಾಲೀಕರಿಗೆ ತೋರಿಸುವುದು ಅವನ ಅಂಗಡಿಯ ಪದ್ಧತಿ.

ಪರದೆಯ ಮೇಲೆ ಬ್ಲೌಸುಗಳಿರಲಿಲ್ಲ, ಸೊಟ್ಟ ಗೆರೆಗಳಿದ್ದವು. ಲಕ್ವ ಹೊಡೆದು ಮಾತು ನಿಂತ ಮೇಲೆ ಸುವರ್ಣಾಳ ಅತ್ತೆ ನಡುಗುವ ಬೆರಳಿನಿಂದ ಬರೆದವು ಅವು. ಪ್ರತಿ ಸಲವೂ ಟ್ಯಾಬು 'ಅರ್ಥವಾಗಲಿಲ್ಲ' ಎಂದದ್ದಕ್ಕೆ ಮುದುಕಿ ಬರೆಯುವುದನ್ನೇ ಬಿಟ್ಟಿದ್ದಳು. ಟ್ಯಾಬು ಬಿಟ್ಟಿರಲಿಲ್ಲ. 'ಊಟ ಬೇಕು' ಎಂದು ಓದಿ ಅಳಿಸಿತು. 'ಊಟ ಬ್ಯಾಡ' ಎಂದು ಓದಿ ಅದನ್ನೂ ಅಳಿಸಿತು. ತುಸು ತಡೆದು, ಪೂರ್ತಿ ಓದಿತು:

'ನೀ ಊಟ ಮಾಡೀಯೇನವಾ?'

ಸುವರ್ಣಾ ಸೆರಗಿನಿಂದ ಪರದೆಯನ್ನು ಮೆಲ್ಲಗೆ ಒರೆಸಿದಳು.

"ಬಂದ್ ಮಾಡ್ಲೇನ್ರಿ ಅಕ್ಕಾರ?" ಎಂದ ದಸ್ತಗೀರ.

"ಬ್ಯಾಡ್ರಿ. ಉದ್ದನ ವೈರಿನ ಚಾರ್ಜರ್ ಇದ್ರ ಕೊಡ್ರಿ. ನಮ್ಮತ್ತಿ ಮಂಚದ ತನಕ ಮುಟ್ಟಬೇಕು."